ಲಗಾಮು ಹಿಡಿಯೋ ಮೊದಲು ನೆಟ್ಟಗೆ ಕೂರು: ಕುದುರೆ ಸವಾರಿಯನ್ನೂ ವಿದ್ಯೆ ಅಂತ ಬರೆದಿಟ್ಟ ಕಲ್ಯಾಣದ ದೊರೆ ಭೂಲೋಕಮಲ್ಲ

ಸೇಡಂ: ಲಗ್ನದ ಸೀಜನ್ ಬಂತು ಅಂದ್ರೆ ಸೇಡಂ, ಚಿತ್ತಾಪುರ, ಚಿಂಚೋಳಿ ಬಜಾರಿನಲ್ಲಿ ಸಂಜೆ ಹೊತ್ತು ಬಿಳಿ ಕುದುರೆ ಕಾಣೋದು ಮಾಮೂಲು. ಮುಂದೆ ಬ್ಯಾಂಡು, ಹಿಂದೆ ಜನರೇಟರ್, ನಡುವೆ ಕುದುರೆ ಮೇಲೆ ಮದುಮಗ. ಜೀವಮಾನದಲ್ಲಿ ಮೊದಲ ಸಲ ಕುದುರೆ ಹತ್ತಿದವನು ಅವನು. ಪಟಾಕಿ ಸಿಡಿದ ಕೂಡಲೇ ಗಾಬರಿಯಾಗಿ ಮುಂದಕ್ಕೆ ಬಾಗುತ್ತಾನೆ, ಎರಡೂ ಮೊಣಕಾಲಿನಿಂದ ಗಟ್ಟಿ ಅಮುಕುತ್ತಾನೆ, ಕೈಗೆ ಸಿಕ್ಕ ಲಗಾಮನ್ನು ಜಗ್ಗುತ್ತಾನೆ. ಕುದುರೆ ಕತ್ತು ಮೇಲೆತ್ತಿ ಅಡ್ಡಡ್ಡ ತಿರುಗುತ್ತೆ. ಸುತ್ತಲಿದ್ದವರು ಕುದುರೆ ಸರಿಯಿಲ್ಲ ಅಂತಾರೆ.

ಕುದುರೆ ಸರಿಯಾಗೇ ಇದೆ. ಅದಕ್ಕೆ ಒಂದೇ ಕ್ಷಣದಲ್ಲಿ ಎರಡು ಹುಕುಂ ಸಿಕ್ಕಿವೆ. ಕಾಲು ಹೋಗು ಅಂದಿದೆ, ಕೈ ನಿಲ್ಲು ಅಂದಿದೆ. ಯಾವುದನ್ನ ಕೇಳಬೇಕು ಅಂತ ಗೊತ್ತಾಗದೆ ಅದು ತಿರುಗುತ್ತೆ, ಅಷ್ಟೇ.

ಸವಾರ ಹೇಗೆ ಕೂರಬೇಕು, ಕುದುರೆಗೆ ಸನ್ನೆ ಹೇಗೆ ಕೊಡಬೇಕು ಅನ್ನೋದು ಇವತ್ತು ಒಲಿಂಪಿಕ್ಸ್ ವರೆಗೂ ಹೋಗಿರುವ ವಿದ್ಯೆ. ಅದಕ್ಕೆ ಡ್ರೆಸೇಜ್ ಅಂತ ಹೆಸರು. ಫಾರಿನ್ನಿನವರ ಆಟ, ದೊಡ್ಡವರ ಆಟ ಅಂತ ಈ ಕಡೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಸುಮಾರು 900 ವರ್ಷದ ಹಿಂದೆ ಕುದುರೆ, ಕುದುರೆಯ ನಡೆ, ಅದನ್ನು ಪಳಗಿಸುವ ಬಗೆ, ಬಯಲಿನಲ್ಲಿ ಅದರ ಮೇಲೆ ಆಡುವ ಆಟ ಎಲ್ಲವನ್ನೂ ಒಂದು ದೊಡ್ಡ ಗ್ರಂಥದಲ್ಲಿ ಸೇರಿಸಿದ ದೊರೆಯೊಬ್ಬ ಇದೇ ಸೀಮೆಯನ್ನು ಆಳಿದ್ದ. ಅವನೇ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ. ಬಿರುದು ಭೂಲೋಕಮಲ್ಲ. ಅವನ ರಾಜಧಾನಿ ಇವತ್ತಿನ ಬಸವಕಲ್ಯಾಣ. ಚಿಂಚೋಳಿ ದಾಟಿ ಹುಮನಾಬಾದ್ ಮೇಲೆ ಹೋದರೆ ಸಿಗುವ ಊರು.

ಅಪ್ಪನ ನೆರಳು

ಸೋಮೇಶ್ವರ ಹುಟ್ಟಿದ್ದು ಸಣ್ಣ ಮನೆಯಲ್ಲಲ್ಲ. ಅಪ್ಪ ಆರನೇ ವಿಕ್ರಮಾದಿತ್ಯ. 1076ರಿಂದ 1126ರವರೆಗೆ ಬರೋಬ್ಬರಿ 50 ವರ್ಷ ಆಳಿದವನು. ತನ್ನ ಹೆಸರಲ್ಲೇ ಚಾಲುಕ್ಯ ವಿಕ್ರಮ ಶಕೆ ಅಂತ ಹೊಸ ಕಾಲಗಣನೆ ಶುರು ಮಾಡಿದವನು. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಅವನ ಆಸ್ಥಾನದಲ್ಲಿದ್ದ. ಮಿತಾಕ್ಷರ ಬರೆದ ವಿಜ್ಞಾನೇಶ್ವರನೂ ಅವನ ಕಾಲದವನೇ. ಶಹಾಬಾದ್ ಹತ್ತಿರದ ಮರತೂರಿನ ಜನ ಇವತ್ತಿಗೂ ವಿಜ್ಞಾನೇಶ್ವರನ ಹೆಸರನ್ನ ತಮ್ಮೂರಿನ ಹೆಸರಿನ ಜೊತೆಗೇ ಹೇಳುತ್ತಾರೆ.

ಈ ಭಾಗ ಆಗ ರಾಜ್ಯದ ಮೂಲೆ ಆಗಿರಲಿಲ್ಲ, ನಡುಮನೆ ಆಗಿತ್ತು. ಕಾಗಿಣಾ ದಂಡೆಯ ಮಳಖೇಡ ಮೊದಲು ರಾಷ್ಟ್ರಕೂಟರ ರಾಜಧಾನಿ. ಅವರ ನಂತರ ಬಂದ ಚಾಲುಕ್ಯರೂ ಶುರುವಿನಲ್ಲಿ ಅಲ್ಲಿಂದಲೇ ಆಳಿದರು. ಆಮೇಲೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಸೋಮೇಶ್ವರನ ಅಜ್ಜ ಒಂದನೇ ಸೋಮೇಶ್ವರನ ಕಾಲಕ್ಕೇ ದೊಡ್ಡ ಘಟಿಕಾಸ್ಥಾನ ಇತ್ತು. 1058ರ ಶಾಸನದ ಪ್ರಕಾರ ಅಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದುತ್ತಿದ್ದರು. ಪುಸ್ತಕ ಭಂಡಾರ ನೋಡಿಕೊಳ್ಳಲು 6 ಜನ ಸರಸ್ವತಿ ಭಂಡಾರಿಗಳಿದ್ದರು. ಸೇಡಿಂಬ ಅಂದರೆ ಸೇಡಂನ ಮುನ್ನೂರು ಮಹಾಜನರು ಶಾಂತಿನಾಥ ಬಸದಿ ಕಟ್ಟಿಸಿದ ಸಂಗತಿ 1124ರ ಶಾಸನದಲ್ಲಿದೆ. ವಿಕ್ರಮಾದಿತ್ಯ ತೀರಿಕೊಳ್ಳೋಕೆ ಎರಡು ವರ್ಷ ಮೊದಲಿನ ಮಾತು ಅದು.

ಅಂದರೆ ಸೋಮೇಶ್ವರ ಬೆಳೆದ ನಾಡಿನಲ್ಲಿ ಕತ್ತಿಗೆ ಎಷ್ಟು ಬೆಲೆ ಇತ್ತೋ ಪುಸ್ತಕಕ್ಕೂ ಅಷ್ಟೇ ಬೆಲೆ ಇತ್ತು. ಅಪ್ಪನ ಗೆಲುವುಗಳ ಕಥೆ ಕೇಳುತ್ತಾ ಬೆಳೆದ ಮಗ ಮುಂದೆ ಅಪ್ಪನ ಮೇಲೇ ವಿಕ್ರಮಾಂಕಾಭ್ಯುದಯ ಅನ್ನೋ ಸಂಸ್ಕೃತ ಗದ್ಯ ಬರೆದ. ಅದು ಪೂರ್ತಿಯಾಗಿ ಉಳಿದುಬಂದಿಲ್ಲ.

1126ರಲ್ಲಿ ಅಪ್ಪ ಹೋದ ಮೇಲೆ ಪಟ್ಟ ಇವನಿಗೆ ಬಂತು. 50 ವರ್ಷ ಒಬ್ಬನೇ ನಡೆಸಿದ ಅಂಗಡಿ ದಿಢೀರಂತ ಮಗನ ಕೈಗೆ ಬಂದರೆ ಏನಾಗುತ್ತೆ ಅನ್ನೋದು ಬಜಾರಿನವರಿಗೆ ಗೊತ್ತಿರೋ ವಿಷಯ. ಹಳೇ ಗಿರಾಕಿ, ಹಳೇ ಸಾಲಗಾರ, ಹಳೇ ಆಳು ಎಲ್ಲರೂ ಹೊಸ ಯಜಮಾನನನ್ನು ಒಂದು ಸಲ ತೂಗಿ ನೋಡುತ್ತಾರೆ. ಸೋಮೇಶ್ವರನಿಗೂ ಹಾಗೇ ಆಯಿತು. ಸಾಮಂತರು ತೂಗಿ ನೋಡತೊಡಗಿದರು.

ನೂರು ಅಧ್ಯಾಯದ ಗ್ರಂಥ

ಪಟ್ಟಕ್ಕೆ ಬಂದು ಹೆಚ್ಚು ವರ್ಷ ಆಗಿರಲಿಲ್ಲ. 1129ರ ಸುಮಾರಿಗೆ ಅವನ ಹೆಸರಿನಲ್ಲಿ ಒಂದು ಗ್ರಂಥ ಹೊರಬಂತು. ಹೆಸರು ಮಾನಸೋಲ್ಲಾಸ. ಇನ್ನೊಂದು ಹೆಸರು ಅಭಿಲಷಿತಾರ್ಥ ಚಿಂತಾಮಣಿ. ಭಾಷೆ ಸಂಸ್ಕೃತ. ಒಟ್ಟು ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಪೂರಾ 100 ಅಧ್ಯಾಯ. ಮೊದಲನೆಯದು ರಾಜ್ಯ ಪಡೆಯುವ ಬಗ್ಗೆ, ಎರಡನೆಯದು ಅದನ್ನ ಗಟ್ಟಿ ಮಾಡಿಕೊಳ್ಳುವ ಬಗ್ಗೆ. ಮೂರನೆಯದು ಊಟ, ಮನೆ, ಬಟ್ಟೆ, ಸುಖ. ನಾಲ್ಕನೆಯದು ವಿನೋದ. ಐದನೆಯದು ಕ್ರೀಡೆ.

ಇಡ್ಲಿಗೆ ಹಿರಿಯಣ್ಣನಂತಿರುವ ಇಡ್ಡರಿಕಾ, ದೋಸೆಯ ದೋಸಕ, ವಡೆಯ ವಟಿಕಾ, ಮಂಡಿಗೆ ಇವೆಲ್ಲ ಬರೋದು ಇದೇ ಗ್ರಂಥದಲ್ಲಿ. ಹೋಟೆಲಿನವರು ಈ ದೊರೆಯ ಹೆಸರು ಕೇಳಿದ್ದರೆ ಈ ಕಾರಣಕ್ಕೇ ಕೇಳಿರುತ್ತಾರೆ. ಸಂಗೀತ, ಚಿತ್ರಕಲೆ, ಔಷಧ, ರತ್ನ ಪರೀಕ್ಷೆ, ಬೇಟೆ, ಕುಸ್ತಿ ಏನೂ ಬಿಟ್ಟಿಲ್ಲ. ಅದಕ್ಕೇ ಅವನಿಗೆ ಸರ್ವಜ್ಞ ಚಕ್ರವರ್ತಿ ಅನ್ನೋ ಬಿರುದೂ ಇತ್ತು.

ನಾಲ್ಕನೇ ಭಾಗದ ವಿನೋದಗಳಲ್ಲಿ ಆನೆಗೊಂದು, ಕುದುರೆಗೊಂದು ವಾಹ್ಯಾಲಿ ಇದೆ. ವಾಹ್ಯಾಲಿ ಅಂದರೆ ಸವಾರಿ ಮಾಡುವ ಬಯಲು, ಆ ಬಯಲಿನ ಆಟ. ಹಳಗನ್ನಡ ಕಾವ್ಯಗಳಲ್ಲಿ ಬರುವ ವೈಹಾಳಿ ಅನ್ನೋ ಮಾತು ಇದೇ. ಅರಸ ವೈಹಾಳಿಗೆ ಹೋದ ಅಂದರೆ ಸುಮ್ಮನೆ ಸುತ್ತಾಡೋಕೆ ಹೋದ ಅಂತಲ್ಲ, ಕುದುರೆ ಏರಿ ಅಭ್ಯಾಸಕ್ಕೆ ಹೋದ ಅಂತ ಅರ್ಥ.

ಕುದುರೆ ಅಂದರೆ ದುಬಾರಿ ಮಾಲು

ಆ ಕಾಲದಲ್ಲಿ ಕುದುರೆ ಅಂದರೆ ಇವತ್ತಿನ ಲಾರಿ, ಟ್ರ್ಯಾಕ್ಟರ್‌ಗಿಂತ ದೊಡ್ಡ ಬಂಡವಾಳ. ದಖ್ಖನ್ನಿನ ಹವೆ, ಮೇವು ಒಳ್ಳೆಯ ಜಾತಿ ಕುದುರೆ ಬೆಳೆಯೋಕೆ ಅಷ್ಟು ಅನುಕೂಲ ಅಲ್ಲ. ಹಾಗಾಗಿ ಒಳ್ಳೆ ಕುದುರೆಗಳು ಅರಬರ ನಾಡಿನಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬರುತ್ತಿದ್ದವು, ಇಲ್ಲ ವಾಯವ್ಯದ ಕಡೆಯಿಂದ ಬರುತ್ತಿದ್ದವು. ದಾರಿಯಲ್ಲಿ ಸತ್ತದ್ದು ಹೋಗಿ ಉಳಿದದ್ದಕ್ಕೆ ಭಾರೀ ಬೆಲೆ.

ಅದಕ್ಕೇ ಮಾನಸೋಲ್ಲಾಸದಲ್ಲಿ ಕುದುರೆಯ ವಿಷಯ ಸವಾರನಿಂದ ಶುರುವಾಗಲ್ಲ, ಮಾಲಿನ ಪರೀಕ್ಷೆಯಿಂದ ಶುರುವಾಗುತ್ತೆ. ಯಾವ ದೇಶದ ಕುದುರೆ, ಯಾವ ಬಣ್ಣ, ಮೈ ಮೇಲೆ ಸುಳಿ ಎಲ್ಲೆಲ್ಲಿ ಇವೆ, ಅವಯವ ಹೇಗಿವೆ ಅನ್ನೋದೆಲ್ಲ ಮೊದಲು. ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಇವತ್ತಿಗೂ ಸುಳಿ ನೋಡ್ತಾನೆ, ಹಲ್ಲು ನೋಡ್ತಾನೆ, ನಡೆಸಿ ನೋಡ್ತಾನೆ. ಕ್ರಮ ಅದೇ.

ಆಮೇಲೆ ಪಳಗಿಸೋದು. ಅದರ ನಂತರ ದೊರೆ ಬಯಲಿಗೆ ಬಂದು ತನ್ನ ಸವಾರಿ ತೋರಿಸೋದು. ರಾಣಿವಾಸ, ಕುಮಾರರು, ಸಾಮಂತರು ನೋಡುತ್ತಾ ಕೂತಿರುತ್ತಾರೆ. ಕೊನೆಗೆ ಸವಾರರು ಎರಡು ಗುಂಪಾಗಿ ಕೋಲಿನಿಂದ ಚೆಂಡು ಹೊಡೆದು ತೋರಣದೊಳಗೆ ದಾಟಿಸುವ ಆಟ. ಇವತ್ತಿನ ಪೋಲೊ ಆಟದ ಹಳೇ ರೂಪ ಅಂತ ಇದನ್ನ ಗುರುತಿಸುತ್ತಾರೆ.

ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಲಗಾಮು, ಕಣ್ಣು ಚೆಂಡಿನ ಮೇಲೆ. ಕುದುರೆ ಓಡಬೇಕು, ತಟ್ಟನೆ ನಿಲ್ಲಬೇಕು, ನಿಂತಲ್ಲೇ ತಿರುಗಬೇಕು. ಇಷ್ಟೆಲ್ಲ ಲಗಾಮು ಜಗ್ಗಿ ಮಾಡಿಸೋಕೆ ಆಗುತ್ತಾ? ಆಗಲ್ಲ. ಕುದುರೆ ಸವಾರನ ಮೈಯನ್ನೇ ಓದಬೇಕು. ಮೈ ಓದಬೇಕು ಅಂದರೆ ಸವಾರನ ಮೈ ಅಕ್ಷರದ ಹಾಗೆ ಸ್ವಚ್ಛ ಇರಬೇಕು.

ಕೂರೋದರಲ್ಲೇ ಅರ್ಧ ವಿದ್ಯೆ

ಈ ವಿದ್ಯೆ ಬೇರೆ ಬೇರೆ ನಾಡಿನಲ್ಲಿ ಬೇರೆ ಬೇರೆ ಕಾಲಕ್ಕೆ ಬೆಳೆದಿದ್ದರೂ ಬುಡ ಒಂದೇ. ಸೋಮೇಶ್ವರನಿಗಿಂತ ಸುಮಾರು 1500 ವರ್ಷ ಮೊದಲು ಗ್ರೀಸಿನಲ್ಲಿ ಕ್ಸೆನೊಫನ್ ಅನ್ನೋ ದಂಡನಾಯಕ ಕುದುರೆ ಸವಾರಿ ಮೇಲೆ ಪುಸ್ತಕ ಬರೆದಿದ್ದ. ಅವನೂ ಸೋಮೇಶ್ವರನ ಹಾಗೆ ಕತ್ತಿ ಮತ್ತು ಲೇಖನಿ ಎರಡೂ ಹಿಡಿದವನು, ಸಾಕ್ರಟಿಸನ ಶಿಷ್ಯ. ಸವಾರ ಕುರ್ಚಿ ಮೇಲೆ ಕೂತ ಹಾಗೆ ಕೂರಬಾರದು, ಕಾಲು ಅಗಲಿಸಿ ನಿಂತವನ ಹಾಗೆ ಇರಬೇಕು ಅನ್ನೋದು ಅವನ ಪಾಠ. ಮೊಣಕಾಲಿನ ಕೆಳಗಿನ ಕಾಲು ಸಡಿಲ ಇರಬೇಕು. ಸಿಟ್ಟಿನಲ್ಲಿ ಕುದುರೆ ಹತ್ತಿರ ಹೋಗಲೇಬಾರದು. ಹೊಡೆದು ಮಾಡಿಸಿದ ನಡೆಯಲ್ಲಿ ಅಂದ ಇರಲ್ಲ ಅಂತಲೂ ಅವನು ತಿಳಿಸಿದ್ದಾನೆ.

ಇವತ್ತಿನ ಡ್ರೆಸೇಜ್ ತರಬೇತಿಯಲ್ಲೂ ಮೊದಲ ಪಾಠ ಕೂರೋದೇ. ಪಕ್ಕದಿಂದ ನೋಡಿದರೆ ಸವಾರನ ಕಿವಿ, ಹೆಗಲು, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ನೇರ ಗೆರೆಯಲ್ಲಿ ಬರಬೇಕು. ಗೌಂಡಿ ಗೋಡೆಗೆ ತೂಕದ ಗುಂಡು ಬಿಟ್ಟು ನೋಡ್ತಾನಲ್ಲ, ಹಾಗೆ. ಆ ಕ್ಷಣಕ್ಕೆ ಕುದುರೆಯನ್ನ ಮಾಯ ಮಾಡಿದರೆ ಸವಾರ ನೆಲದ ಮೇಲೆ ತನ್ನ ಕಾಲ ಮೇಲೇ ನಿಲ್ಲಬೇಕು. ಬೆನ್ನ ಮೇಲೆ ಬಿದ್ದರೆ ಅವನು ಕುರ್ಚಿ ಮೇಲೆ ಕೂತಿದ್ದ ಅಂತ ಅರ್ಥ. ಮುಗ್ಗರಿಸಿದರೆ ಮುಂದಕ್ಕೆ ವಾಲಿದ್ದ ಅಂತ ಅರ್ಥ.

ಹಿಂದಿನಿಂದ ನೋಡಿದರೆ ಭಾರ ಎರಡೂ ಕಡೆ ಸಮ ಇರಬೇಕು. ತಕ್ಕಡಿ ಹಿಡಿಯುವವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಎತ್ತಿನ ಗಾಡಿಯಲ್ಲಿ ತೊಗರಿ ಚೀಲ ಒಂದೇ ಪಕ್ಕ ಹೇರಿದರೆ ಗಾಡಿ ಹೇಗೆ ಎಳೆಯುತ್ತೋ, ಸವಾರ ಒಂದೇ ಕಡೆ ವಾಲಿದರೆ ಕುದುರೆಯೂ ಹಾಗೇ ಎಳೆಯುತ್ತೆ. ಸವಾರ ಮಾತ್ರ ಕುದುರೆ ಬಲಕ್ಕೆ ತಿರುಗಲ್ಲ ಅಂತ ದೂರುತ್ತಾ ಇರ್ತಾನೆ. ಅವನ ಸ್ವಂತ ಭಾರ ಎಡಕ್ಕಿದೆ ಅನ್ನೋದು ಅವನಿಗೇ ಗೊತ್ತಿರಲ್ಲ.

ಮೊಣಕೈಯಿಂದ ಲಗಾಮಿನ ಮೂಲಕ ಕುದುರೆಯ ಬಾಯಿವರೆಗೆ ಇನ್ನೊಂದು ನೇರ ಗೆರೆ. ಕೈ ಕಲ್ಲಿನ ಹಾಗೆ ಗಟ್ಟಿ ಇರಬಾರದು. ನಡೆಯುವಾಗ ಕುದುರೆಯ ಕತ್ತು ಮುಂದೆ ಹಿಂದೆ ಆಡುತ್ತೆ, ಕೈಯೂ ಅದರ ಜೊತೆ ಹೋಗಿ ಬರಬೇಕು. ನೋಟ ಎದುರಿಗೆ ಇರಬೇಕು, ಕುದುರೆಯ ಕಿವಿ ಮೇಲಲ್ಲ. ತಲೆ ಬಗ್ಗಿಸಿದರೆ ಹೆಗಲು ಬಗ್ಗುತ್ತೆ, ಹೆಗಲು ಬಗ್ಗಿದರೆ ಭಾರ ಮುಂದಕ್ಕೆ ಹೋಗುತ್ತೆ, ಭಾರ ಮುಂದಕ್ಕೆ ಹೋದರೆ ಕುದುರೆಯ ಮುಂಗಾಲಿಗೆ ಪೆಟ್ಟು.

ಮೊದಲು ಮೈ, ಆಮೇಲೆ ಕಾಲು, ಕೊನೆಗೆ ಕೈ

ನೆಟ್ಟಗೆ ಕೂರೋದು ಬಂದ ಮೇಲೇ ಸನ್ನೆ. ಸವಾರನ ಹತ್ತಿರ ಇರೋದು ನಾಲ್ಕು ಸಹಜ ಸನ್ನೆ: ಮೈಭಾರ, ಕಾಲು, ಕೈ, ದನಿ. ಚಾವಟಿ ಮತ್ತು ಹಿಮ್ಮಡಿಗೆ ಕಟ್ಟುವ ಮುಳ್ಳು ಇವು ಮೇಲಿನಿಂದ ಸೇರಿಸಿದವು. ಹೊಸಬರು ಶುರು ಮಾಡೋದೇ ಕೈಯಿಂದ. ಕೈಯಿಂದ ಶುರು ಮಾಡಿದರೆ ಮುಗೀತು.

ಕುದುರೆಯ ಬಾಯಲ್ಲಿ ಕಡಿವಾಣ ಕೂರೋದು ಹಲ್ಲಿಲ್ಲದ ಸಂದಿನಲ್ಲಿ, ಬರೀ ವಸಡಿನ ಮೇಲೆ. ತೆಳು ಚರ್ಮದ ಕೆಳಗೆ ಎಲುಬು. ಅಲ್ಲಿ ಒಂದೇ ಸಮನೆ ಜಗ್ಗಿದರೆ ಎರಡರಲ್ಲಿ ಒಂದು ಆಗುತ್ತೆ. ಒಂದೋ ಕುದುರೆ ನೋವಿಗೆ ಕತ್ತು ಮೇಲೆತ್ತಿ ಬೆನ್ನು ತಗ್ಗಿಸುತ್ತೆ, ಇಲ್ಲವೇ ಬಾಯಿ ಮರಗಟ್ಟಿ ಲಗಾಮಿಗೆ ಕಿವಿಗೊಡೋದನ್ನೇ ಬಿಡುತ್ತೆ. ಆಮೇಲೆ ಜನ ಅದಕ್ಕೆ ಗಟ್ಟಿ ಬಾಯಿ ಕುದುರೆ ಅಂತ ಹೆಸರಿಡ್ತಾರೆ. ಬಾಯಿ ಗಟ್ಟಿ ಮಾಡಿದ್ದು ಸವಾರನ ಕೈ.

ಬರೋಬ್ಬರಿ ಕ್ರಮ ಹೀಗೆ. ಕುದುರೆ ನಿಧಾನ ಆಗಬೇಕು ಅಂದರೆ ಸವಾರ ಮೊದಲು ತನ್ನ ಬೆನ್ನು ನೆಟ್ಟಗೆ ಮಾಡಿ ಸೊಂಟದ ಆಟ ನಿಲ್ಲಿಸುತ್ತಾನೆ. ಕಾಲನ್ನು ಹೊಟ್ಟೆಗೆ ಮೆತ್ತಗೆ ತಾಗಿಸಿರುತ್ತಾನೆ, ಹಿಂಗಾಲು ಒಳಗೆ ಬರಲಿ ಅಂತ. ಕೊನೆಗೆ ಬೆರಳು ಮುಚ್ಚುತ್ತಾನೆ, ತಕ್ಷಣ ಬಿಚ್ಚುತ್ತಾನೆ. ಇದಕ್ಕೆ ಅರೆ ತಡೆ ಅಂತ ಹೇಳಬಹುದು. ಪೂರ್ತಿ ನಿಲ್ಲಿಸೋದಲ್ಲ, ಕುದುರೆಗೆ ಮುಂದೆ ಏನೋ ಕೆಲಸ ಇದೆ, ತಯಾರಾಗು ಅಂತ ತಿಳಿಸೋದು. ಬಾಗಿಲು ತಟ್ಟಿ ಒಳಗೆ ಹೋದ ಹಾಗೆ.

ತಿರುಗಬೇಕು ಅಂದರೂ ಅಷ್ಟೇ. ಬಲಕ್ಕೆ ತಿರುಗೋಕೆ ಬಲ ಲಗಾಮು ಜಗ್ಗಿದರೆ ಕತ್ತು ಮಾತ್ರ ಬಲಕ್ಕೆ ಬರುತ್ತೆ, ಮೈ ಎಡಕ್ಕೆ ಜಾರುತ್ತೆ. ಬಲಗಾಲನ್ನು ಹೊಟ್ಟೆಯ ಪಟ್ಟಿ ಹತ್ತಿರ ಕಂಬದ ಹಾಗೆ ಇಟ್ಟು, ಎಡಗಾಲನ್ನು ಸ್ವಲ್ಪ ಹಿಂದಿಟ್ಟು ಹಿಂಭಾಗ ಜಾರದಂತೆ ಕಾಯಬೇಕು. ಎಡ ಲಗಾಮು ಹೆಗಲನ್ನ ಹಿಡಿದಿರಬೇಕು. ಬಲ ಲಗಾಮು ದಾರಿ ತೋರಿಸಬೇಕು, ಅಷ್ಟೇ. ಆಗ ಕುದುರೆ ಕಂಬದ ಸುತ್ತ ಬಳ್ಳಿ ಸುತ್ತಿದ ಹಾಗೆ ಬಾಗುತ್ತೆ.

ಇದೆಲ್ಲದಕ್ಕಿಂತ ಮುಖ್ಯ ಇನ್ನೊಂದಿದೆ. ಕುದುರೆ ಮಾತು ಕೇಳಿದ ಕ್ಷಣಕ್ಕೆ ಸನ್ನೆ ನಿಲ್ಲಬೇಕು. ಸನ್ನೆ ನಿಂತದ್ದೇ ಅದಕ್ಕೆ ಬಕ್ಷೀಸು. ಕೇಳಿದ ಮೇಲೂ ಒದೀತಾ ಇದ್ದರೆ, ಕೇಳಿದರೂ ಅಷ್ಟೇ ಕೇಳದಿದ್ದರೂ ಅಷ್ಟೇ ಅಂತ ಅದು ತಿಳಿದುಕೊಳ್ಳುತ್ತೆ. ಆಳುಗಳ ಹತ್ತಿರ ದಿನಾ ಕೆಲಸ ತೆಗೆಸುವವರಿಗೆ ಈ ಮಾತು ಬೇಗ ಅರ್ಥ ಆಗುತ್ತೆ.

ಈ ನೆಲದ ಅಶ್ವಶಾಸ್ತ್ರಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಅಮರಕೋಶದಲ್ಲಿ ಕುದುರೆಯ ನಡೆಗೆ ಐದು ಹೆಸರಿವೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಚಾವಟಿಗೂ ಹಳೇ ಗ್ರಂಥಗಳಲ್ಲಿ ಲೆಕ್ಕ ಇದೆ. ಶುಕ್ರನೀತಿಯಲ್ಲಿ ಕುದುರೆ ಯಾವ ತಪ್ಪು ಮಾಡಿತು ಅಂತ ನೋಡಿ ಏಟಿನ ಜಾಗ ಗೊತ್ತು ಮಾಡಿದ್ದಾರೆ. ಜಾಗ ತಪ್ಪಿ ಹೊಡೆದರೆ ಹಳೇ ದೋಷ ಹೋಗಲ್ಲ, ಹೊಸ ದೋಷ ಹುಟ್ಟುತ್ತೆ ಅನ್ನೋ ಎಚ್ಚರಿಕೆಯೂ ಇದೆ. ಬಯಲಾಟ ನೋಡಿದವರಿಗೆ ನಳ ಮಹಾರಾಜನ ಕಥೆ ಗೊತ್ತು. ಕುದುರೆಯ ಮನಸ್ಸು ತಿಳಿಯುವ ಅವನ ವಿದ್ಯೆಗೆ ಅಶ್ವಹೃದಯ ಅಂತಲೇ ಹೆಸರು. ಹೆಸರಲ್ಲಿ ಚಾವಟಿ ಇಲ್ಲ, ಹೃದಯ ಇದೆ.

ರಾಜ್ಯದ ಲಗಾಮು

ಇನ್ನು ಸೋಮೇಶ್ವರನ ರಾಜ್ಯಭಾರಕ್ಕೆ ಬಂದರೆ, ಇಲ್ಲಿ ಅವನ ಮೇಲೆ ಒಂದು ದೂರಿದೆ. ಗ್ರಂಥ ಬರೆಯುತ್ತಾ ಕೂತ, ಅಪ್ಪ ಕಟ್ಟಿದ ಸಾಮ್ರಾಜ್ಯ ಸಡಿಲ ಆಗೋಕೆ ಬಿಟ್ಟ ಅಂತ. ದೂರಿಗೆ ಆಧಾರ ಇಲ್ಲದೇ ಇಲ್ಲ. ತೆಂಕಣದಲ್ಲಿ ಹೊಯ್ಸಳ ವಿಷ್ಣುವರ್ಧನ ತಾನೇ ಸ್ವತಂತ್ರ ಅನ್ನೋ ಹಾಗೆ ನಡೆದುಕೊಂಡ. ಮೂಡಣದ ವೆಂಗಿ ನಾಡು ಮತ್ತೆ ಚೋಳರ ಕಡೆ ಹೋಯಿತು. ಆರನೇ ವಿಕ್ರಮಾದಿತ್ಯ ಇದ್ದಾಗ ತಲೆ ತಗ್ಗಿಸಿದ್ದವರು ಮಗನ ಕಾಲಕ್ಕೆ ಒಬ್ಬೊಬ್ಬರಾಗಿ ತಲೆ ಎತ್ತಿದರು.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಹೊಯ್ಸಳರು ತಲೆ ಎತ್ತಿದ್ದು ಸೋಮೇಶ್ವರನ ಕಾಲದಲ್ಲಿ ಶುರುವಾದ ಕಥೆಯಲ್ಲ. ವಿಷ್ಣುವರ್ಧನ ವಿಕ್ರಮಾದಿತ್ಯ ಇದ್ದಾಗಲೇ ಚಾಲುಕ್ಯ ಸೈನ್ಯದ ಜೊತೆ ಕಾದಾಡಿದ್ದವನು. ಅಪ್ಪ ಬಿಗಿ ಹಿಡಿದು ನಡೆಸಿದ್ದ ಕುದುರೆ ಅದು. ಬಿಗಿ ಹಿಡಿತದಲ್ಲಿ ಐವತ್ತು ವರ್ಷ ಇದ್ದದ್ದು ಕೈ ಬದಲಾದ ಕೂಡಲೇ ಕತ್ತು ಕೊಡವಿತು. ಮಗನ ಕೈ ಹಗುರ ಇತ್ತು ಅನ್ನೋದು ನಿಜ ಇರಬಹುದು. ಆದರೆ ಹಗುರ ಕೈ ಬೇರೆ, ಬಿಟ್ಟ ಕೈ ಬೇರೆ. ಅವನು ಇರುವವರೆಗೂ ಕಲ್ಯಾಣ ಕೈ ಬಿಡಲಿಲ್ಲ. ಕಲ್ಯಾಣದ ಸುತ್ತಲಿನ ಸೀಮೆಯಲ್ಲಿ ಅಗ್ರಹಾರ, ಬಸದಿ, ಗುಡಿಗಳು ಅವನ ಕಾಲಕ್ಕೂ ಮುಂದುವರಿದವು. ಬಸವಣ್ಣ ಹುಟ್ಟಿದ ವರ್ಷ 1131 ಅಂತ ಹಿಡಿದರೂ 1134 ಅಂತ ಹಿಡಿದರೂ ಅದು ಇದೇ ಅರಸನ ಆಳ್ವಿಕೆಯ ಒಳಗೇ ಬರುತ್ತೆ.

ಗ್ರಂಥವನ್ನ ಬರೀ ಮೋಜಿನ ಪಟ್ಟಿ ಅಂತ ನೋಡಿದರೂ ತಪ್ಪಾಗುತ್ತೆ. ನೂರರಲ್ಲಿ ಮೊದಲ ನಲವತ್ತು ಅಧ್ಯಾಯ ರಾಜ್ಯ ಪಡೆಯುವುದು, ಉಳಿಸಿಕೊಳ್ಳುವುದರ ಬಗ್ಗೆಯೇ. ಊಟ, ಸಂಗೀತ, ಕುದುರೆ ಬರೋದು ಅದಾದ ಮೇಲೆ. ದೊರೆ ಮೊದಲು ತನ್ನ ನಡತೆ ಸರಿ ಇಟ್ಟುಕೊಳ್ಳಬೇಕು, ಸುಳ್ಳು ಬಿಡಬೇಕು, ದ್ರೋಹ ಬಿಡಬೇಕು ಅನ್ನೋದು ಮೊದಲ ಭಾಗದ ಸಾರ. ನೆಟ್ಟಗೆ ಕೂರೋದು ಮೊದಲು, ಹುಕುಂ ಆಮೇಲೆ. ಕುದುರೆ ಮೇಲೂ ಅದೇ ಕ್ರಮ, ಗದ್ದುಗೆ ಮೇಲೂ ಅದೇ ಕ್ರಮ.

ದೊರೆ ಹೋದ, ಗ್ರಂಥ ಉಳಿಯಿತು

1138ರ ಸುಮಾರಿಗೆ ಸೋಮೇಶ್ವರನ ಆಳ್ವಿಕೆ ಮುಗಿಯಿತು. ಹನ್ನೆರಡು ವರ್ಷ, ಅಷ್ಟೇ. ಅಪ್ಪ ಆಳಿದ್ದರ ಕಾಲು ಭಾಗವೂ ಅಲ್ಲ. ಅವನ ನಂತರ ಮಗ ಇಮ್ಮಡಿ ಜಗದೇಕಮಲ್ಲ, ಆಮೇಲೆ ಇನ್ನೊಬ್ಬ ಮಗ ಮೂರನೇ ತೈಲಪ. ತೈಲಪನ ಕಾಲಕ್ಕೆ ಲಗಾಮು ಪೂರಾ ಜಾರಿತು. ಕಲಚುರಿ ಬಿಜ್ಜಳ ಕಲ್ಯಾಣದ ಗದ್ದುಗೆ ಹಿಡಿದ. ಅದರ ಮುಂದಿನ ಶರಣರ ಕಥೆ ಈ ಭಾಗದ ಮನೆಮನೆಗೂ ಗೊತ್ತು. ಆ ಶತಮಾನ ಮುಗಿಯೋದರೊಳಗೆ ಚಾಲುಕ್ಯರ ಹೆಸರೇ ಅಳಿಯಿತು.

ಆದರೆ ಗ್ರಂಥ ಅಳಿಯಲಿಲ್ಲ. ಕೈಬರಹದ ಪ್ರತಿಗಳಲ್ಲಿ ಎಂಟು ಶತಮಾನ ಉಳಿದು ಬಂತು. 1925ರಲ್ಲಿ ಬರೋಡಾದ ಗಾಯಕವಾಡ್ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮಾನಸೋಲ್ಲಾಸದ ಮೊದಲ ಸಂಪುಟ ಅಚ್ಚಾಯಿತು. ಮಾರನೇ ವರ್ಷ 1926ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಅಭಿಲಷಿತಾರ್ಥ ಚಿಂತಾಮಣಿ ಹೆಸರಿನಲ್ಲಿ ಮೊದಲ ಭಾಗ ಹೊರತಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನ ಬೆಳಕಿಗೆ ತಂದವರೂ ಇವರೇ. ಕಲ್ಯಾಣದಲ್ಲಿ ಹುಟ್ಟಿದ ಗ್ರಂಥ ಹೀಗೆ ಬರೋಡಾ, ಮೈಸೂರು ಸುತ್ತಿ ಜನರ ಕೈಗೆ ಬಂತು.

ಇತ್ತ ಸವಾರಿಯ ವಿದ್ಯೆಯೂ ದೇಶದಲ್ಲಿ ಮತ್ತೆ ತಲೆ ಎತ್ತಿದೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಇವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದರು. ಆ ಸ್ಪರ್ಧೆಯ ಮೂರು ಭಾಗಗಳಲ್ಲಿ ಮೊದಲನೆಯದೇ ಡ್ರೆಸೇಜ್. 2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಅವರ ತಂಡ ಡ್ರೆಸೇಜ್‌ನಲ್ಲಿ ಚಿನ್ನ ತಂದಿತು. ಕುದುರೆ ಸವಾರಿಯಲ್ಲಿ ಭಾರತಕ್ಕೆ 41 ವರ್ಷದ ನಂತರ ಸಿಕ್ಕ ಚಿನ್ನ ಅದು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅನುಷ್ ಡ್ರೆಸೇಜ್‌ಗೆ ಇಳಿದ ಮೊದಲ ಭಾರತೀಯ ಆದರು.

ಆ ಸ್ಪರ್ಧೆಯ ಅಂಗಳ 60 ಮೀಟರ್ ಉದ್ದ, 20 ಮೀಟರ್ ಅಗಲ. ಒಂದೊಂದು ನಡೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಳ್ಳೆಯ ಸವಾರ ಅಂಗಳದಲ್ಲಿದ್ದಾಗ ನೋಡುವವರಿಗೆ ಅವನು ಏನೂ ಮಾಡ್ತಾ ಇಲ್ಲ ಅನಿಸುತ್ತೆ. ಕುದುರೆ ತಾನೇ ಕುಣೀತಾ ಇದೆ ಅನಿಸುತ್ತೆ. ಅಲ್ಲಿಗೆ ಮುಟ್ಟೋಕೆ ವರ್ಷಗಟ್ಟಲೆ ಬೇಕು. ಆದರೆ ಶುರು ಮಾತ್ರ ಎಲ್ಲರಿಗೂ ಒಂದೇ: ಮೊದಲು ತಾನು ನೆಟ್ಟಗೆ ಕೂರೋದು.

ಬಸವಕಲ್ಯಾಣದ ಕೋಟೆಗೆ ಹೋಗುವವರು, ನಾಗಾವಿಯ ಕಂಬಗಳ ನಡುವೆ ಓಡಾಡುವವರು, ಮಳಖೇಡದ ಕೋಟೆ ಹತ್ತುವವರು ಈ ಭೂಲೋಕಮಲ್ಲನನ್ನೂ ಒಂದು ಸಲ ನೆನೆಯಬಹುದು. ವೈಹಾಳಿಯ ಬಯಲು ಈಗ ಇಲ್ಲ, ಆ ಕುದುರೆಗಳೂ ಇಲ್ಲ. ಉಳಿದಿರೋದು ಲಗ್ನದ ಬಿಳಿ ಕುದುರೆ ಒಂದೇ. ಮುಂದಿನ ಸಲ ಬಜಾರಿನಲ್ಲಿ ಅದು ಪಟಾಕಿಗೆ ಬೆದರಿದರೆ ಮದುಮಗನ ಗೆಳೆಯರು ಮಾಡಬೇಕಾದ ಕೆಲಸ ಸಣ್ಣದು. ಪಟಾಕಿ ಸ್ವಲ್ಪ ದೂರ ಹಚ್ಚಬೇಕು. ಮದುಮಗನಿಗೆ ಬೆನ್ನು ನೆಟ್ಟಗೆ ಮಾಡು, ಮೊಣಕಾಲು ಸಡಿಲ ಬಿಡು, ಲಗಾಮು ಕುದುರೆಯವನ ಕೈಗೆ ಕೊಡು ಅಂತ ಹೇಳಬೇಕು. ಅರ್ಧ ನಿಮಿಷದಲ್ಲಿ ಕುದುರೆ ಕತ್ತು ಕೆಳಗೆ ಬಿಟ್ಟು ನಡೆಯುತ್ತೆ.